ಅರವತ್ತನಾಲ್ಕು ಅಕ್ಷರಗಳ ಗುರುತು

ರೋಣದ ಬಸ್ ನಿಲ್ದಾಣದ ಹಿಂದೆ ಜಹೀರನ ಫೋಟೊ ಸ್ಟುಡಿಯೊ ಇದೆ. ಅದರ ಒಳಕೋಣೆ ಅವನ ಹೆಂಡತಿ ಫರ್ಜಾನಾಳ ರಾಜ್ಯ. ಹಳೆಯ ಕ್ಯಾಸೆಟ್ಟುಗಳ ದನಿಯನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಡುವುದು ಅವಳ ಕಸುಬು. ಮದುವೆಯಾಗಿ ಬಂದಾಗ ಕಂಪ್ಯೂಟರು ಮುಟ್ಟಲೂ ಹೆದರುತ್ತಿದ್ದವಳು ಈಗ ಕಪ್ಪು ಪರದೆಯ ಮೇಲೆ ಕಮಾಂಡು ಬರೆಯುತ್ತಾಳೆ, ಬರೆಯುತ್ತ ಬರೆಯುತ್ತಲೇ ಕನಸಿಗೆ ಜಾರುತ್ತಾಳೆ. ಒಲೆಯ ಮೇಲೆ ಹಾಲು ಉಕ್ಕಿದ್ದೂ ಆಗ ಅವಳಿಗೆ ತಿಳಿಯುವುದಿಲ್ಲ, ಆ ಮಾತು ಬೇರೆ.

ಅವಳದೊಂದು ಪದ್ಧತಿ. ದನಿ ಇಳಿಸಿದ ಕೂಡಲೇ ಅದರ ಚೆಕ್‌ಸಮ್ ತೆಗೆಯುವುದು. sha256sum ಎಂದು ಬರೆದು ಫೈಲಿನ ಹೆಸರು ಕೊಟ್ಟರೆ ಕಂಪ್ಯೂಟರು ಇಡೀ ಫೈಲನ್ನು ಓದಿ ಅರವತ್ತನಾಲ್ಕು ಅಂಕಿ-ಅಕ್ಷರಗಳ ಒಂದು ಸಾಲು ತೋರಿಸುತ್ತದೆ. ಫೈಲಿನಲ್ಲಿ ಜೋಳದ ಕಾಳಿನಷ್ಟು ಬದಲಾದರೂ ಸಾಲು ಬೇರೆಯೇ ಆಗುತ್ತದೆ. ಅದನ್ನು ಅವಳು ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದುಕೊಳ್ಳುತ್ತಾಳೆ. ಏಳು, ಎಫ್, ಸೊನ್ನೆ, ಮೂರು ಎಂದು ಮೆಲ್ಲಗೆ ಓದಿಕೊಳ್ಳುತ್ತ. ಪ್ರತಿ ದನಿಗೂ ಇರುವ ಗುಟ್ಟಿನ ಹೆಸರು ಇದೇ ಎಂದು ಅವಳ ನಂಬಿಕೆ. ಜಹೀರ ನಗುತ್ತಾನೆ. ನಗಲಿ ಪಾಪ.

ಅಸೂಟಿಯ ಹೊನ್ನವ್ವ ತಂದದ್ದು ಒಂದೇ ಕ್ಯಾಸೆಟ್ಟು. ಎಪ್ಪತ್ತು ದಾಟಿದ ಹೆಂಗಸು. ಅವಳ ತಾಯಿ ಬೀಸುವಾಗ ಹಾಡಿದ್ದನ್ನು ನಲವತ್ತು ವರ್ಷದ ಹಿಂದೆ ಸೋದರಮಾವ ಟೇಪು ಮಾಡಿದ್ದ. ತಾಯಿಯದೊಂದು ಫೋಟೊ ಕೂಡ ಇಲ್ಲ, ಉಳಿದದ್ದು ಆ ದನಿ ಮಾತ್ರ. ಕ್ಯಾಸೆಟ್ಟು ಒಮ್ಮೆ ಪೂರ್ತಿ ಓಡಿತು, ಹಿಂದಕ್ಕೆ ಸುತ್ತುವಾಗ ರೀಲು ತುಂಡುತುಂಡಾಯಿತು. ಅದು ಓಡುತ್ತಿದ್ದಾಗ ಫರ್ಜಾನಾ ಮಧ್ಯಾಹ್ನದ ನಮಾಜಿಗೆ ಹೋಗಿದ್ದಳು, ಹಾಡು ಕೇಳಿರಲಿಲ್ಲ. ಬಂದವಳು ಚೆಕ್‌ಸಮ್ ಬರೆದುಕೊಂಡು, ಹಳೆಯ ಹಾರ್ಡ್ ಡಿಸ್ಕಿಗೂ ಒಂದು ಪ್ರತಿ ಹಾಕಿದಳು. ಮರುದಿನವೇ ಆ ಡಿಸ್ಕು ಕೈಜಾರಿ ಬಿತ್ತು.

ನಾಲ್ಕು ದಿನ ಬಿಟ್ಟು ಹೊನ್ನವ್ವ ಬಂದಳು. ಫರ್ಜಾನಾ ಪೆನ್‌ಡ್ರೈವಿಗೆ ಹಾಡು ಹಾಕಿ ಚೆಕ್‌ಸಮ್ ತೆಗೆದಳು. ನೋಟ್‌ಬುಕ್ಕಿನ ಸಾಲು ಏಳರಿಂದ ಶುರು. ಪರದೆಯ ಸಾಲು ಬಿ ಅಕ್ಷರದಿಂದ. ಮತ್ತೆ ತೆಗೆದರೂ ಬಿ. ಕಂಪ್ಯೂಟರಿನಲ್ಲಿದ್ದ ಫೈಲಿಗೂ ಅದೇ.

ಹಚ್ಚಿ ನೋಡಿದರೆ ಹಾಡು ಚೆಂದಾಗಿಯೇ ಬಂತು. ಬೀಸುಕಲ್ಲಿನ ಗರಗರ, ಅದರ ಮೇಲೆ ತೇಲುವ ದನಿ. ಹೊನ್ನವ್ವನ ಕಣ್ಣು ತುಂಬಿದವು.

“ಭಾಳ ಚಲೋ ಬಂದೈತಿ. ಕೊಟ್ಟಬಿಡವ್ವಾ, ಬಸ್ಸ ಬರೂ ಹೊತ್ತಾತು.”

“ತಡೀರಿ ಆಯಿ. ನೀವು ತಂದದ್ದು ಇದಲ್ಲ. ಏನೋ ಬದಲಾಗೇತಿ.”

“ಹಾಡು ಪೂರಾ ಐತಲ್ಲ?”

ಇತ್ತು. ಕೊಟ್ಟು ಕಳಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಫರ್ಜಾನಾಳಿಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಜಹೀರ ಬಾಗಿಲಲ್ಲಿ ಬಂದು ನಿಂತು ತಲೆ ಕೆರೆದುಕೊಂಡ.

“ನಾನ ಸ್ವಲ್ಪ ಕತ್ತರಿ ಹಾಕೀನಿ. ಹಾಡಿನ ಮುಂದ ಸುಮ್ನ ಏನೋ ಮಾತು ಇತ್ತು. ಮದಿವಿ ವಿಡಿಯೋದಾಗ ತಗೀತೀವಲ್ಲ, ಹಂಗ ತಗದೆ. ಸ್ವಚ್ಛ ಆಗ್ಲಿ ಅಂತ.”

“ಯಾರ ಮಾತು? ಏನಂದ್ರು?”

“ಅದನ್ನೇನು ಕೇಳಾಕ ಹೋಗ್ಲಿಲ್ಲ.”

ಫರ್ಜಾನಾಳಿಗೆ ಸಿಟ್ಟು ನೆತ್ತಿಗೇರಿತು, ಭಯವೂ ಆಯಿತು. ಬಿದ್ದಿದ್ದ ಡಿಸ್ಕನ್ನು ತಂದು ಜೋಡಿಸಿದಳು. ಅದು ಟಿಕ್ ಟಿಕ್ ಎನ್ನುತ್ತ ತಿರುಗಿತು. ಕಮಾಂಡು ಕೊಟ್ಟು ಕುಳಿತಳು. ಪರದೆ ಖಾಲಿ. ಕಾಯುತ್ತ ಕಾಯುತ್ತ ಅವಳ ಮನಸ್ಸು ಎಲ್ಲಿಗೋ ಹೋಯಿತು. ಎಂದೂ ನೋಡದ ಮನೆ, ಬೆಳಗಿನ ಬಿಸಿಲಿನಲ್ಲಿ ತೇಲುವ ಹಿಟ್ಟಿನ ಹುಡಿ, ಬೆನ್ನು ತಿರುಗಿಸಿ ಕುಳಿತ ಹೆಂಗಸು. ಆಕೆ ಇನ್ನೇನು ಇತ್ತ ತಿರುಗಬೇಕು ಎನ್ನುವಾಗ ಸಾಲು ಮೂಡಿತು.

ಏಳು, ಎಫ್, ಸೊನ್ನೆ, ಮೂರು. ಬೆರಳಿಟ್ಟು ಕೊನೆಯ ಅಕ್ಷರದವರೆಗೂ ಓದಿದಳು. ಒಂದೂ ತಪ್ಪಿರಲಿಲ್ಲ. “ಖರೇ ಇದು ನಿಮ್ದ, ಆಯಿ!” ಎಂದು ಮೊದಲಿನಿಂದ ಹಚ್ಚಿದಳು.

ಮೊದಲು ಬರೀ ಗಾಳಿಯ ಸದ್ದು. ಆಮೇಲೆ ಅದೇ ಹೆಣ್ಣುದನಿ, ಹಾಡಲ್ಲ, ತುಸು ಗದರಿಕೆ:

“ಹೊನ್ನೀ, ಬಾಗಲಾ ಹಾಕ. ಹಿಟ್ಟು ಹಾರತೈತಿ.”

“ಹಾಕತೇನಿ ಯವ್ವಾ,” ಎಂದ ಹೊನ್ನವ್ವ ಎದ್ದು ಹೋಗಿ ಸ್ಟುಡಿಯೊದ ಬಾಗಿಲು ಮುಚ್ಚಿದಳು.