ಚೆನ್ನಪ್ಪಮಾವನ ಉಂಗುರದ ಸದ್ದು

ಚೆನ್ನಪ್ಪಮಾವನ ಬಲಗೈ ಒಂದು ಗಳಿಗೆಯೂ ಸುಮ್ಮನಿರುತ್ತಿರಲಿಲ್ಲ. ತಾಮ್ರದ ಉಂಗುರ ಹಾಕಿದ ಬೆರಳು ಬಾಗಿಲು, ಲೋಟ, ಸೈಕಲ್ಲಿನ ಹ್ಯಾಂಡಲ್ಲು, ಸಿಕ್ಕಿದ್ದನ್ನೆಲ್ಲ ಕುಟ್ಟುತ್ತಿತ್ತು. ಅವರು ನನ್ನ ಅತ್ತೆಯ, ಅಂದರೆ ನಿಮ್ಮ ಮುತ್ತಜ್ಜಿಯ, ತಮ್ಮ. ದೊಡ್ಡಬಳ್ಳಾಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಅಲ್ಲೇ ಹತ್ತಿರದ ಹಳ್ಳಿ ಮಧುರೆಯ ನಮ್ಮ ಮನೆಗೆ ಬಂದರೆ ಮುದ್ದೆಯನ್ನೂ ಅರ್ಧ ನಿಂತೇ ಉಣ್ಣುವರು. ತಮ್ಮ ಯಂತ್ರಗಳನ್ನು ಮಾತ್ರ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಅತ್ತೆಗೆ ಗಂಟಲಿನಲ್ಲಿ ಗಡ್ಡೆಯಾಯಿತು. ಸೋಮವಾರ ಆಪರೇಷನ್ನು, ಆಮೇಲೆ ದನಿ ಉಳಿಯುವುದಿಲ್ಲ ಎಂದರು ಬೆಂಗಳೂರಿನ ಡಾಕ್ಟರು. ಸುತ್ತಲಿನ ಊರುಗಳ ಮದುವೆಗೆಲ್ಲ ಸೋಬಾನೆ ಹೇಳುತ್ತಿದ್ದ ದನಿ ಅದು. ಶನಿವಾರವೇ ಮಾವ ಹಾಡು ರೆಕಾರ್ಡು ಮಾಡಲು ಯಾರದೋ ಕ್ಯಾಸೆಟ್ ಡೆಕ್ಕನ್ನು ಬೇಡಿ ತಂದರು. ಕ್ಯಾಸೆಟ್ಟು ಒಂದೇ, ಮಗ್ಗುಲಿಗೆ ಅರ್ಧ ಗಂಟೆ.

ಪ್ರತಿ ಹಾಡಿಗೂ ಮುಂಚೆ ಮೈಕಿನ ಹತ್ತಿರ ಉಂಗುರದಿಂದ ಟಕ್ ಎನ್ನಿಸುವರು. ಟೇಪನ್ನು ಓಡಿಸುವಾಗ ಆ ಸದ್ದು ಬಂದಲ್ಲಿ ನಿಲ್ಲಿಸಿದರೆ ಹಾಡಿನ ಆರಂಭ ಸಿಗುತ್ತದಂತೆ. ಮೊದಲ ಮಗ್ಗುಲಿನ ಹಾಡಿಗೆ ಒಂದು ಟಕ್, ಎರಡನೆಯ ಮಗ್ಗುಲಿನದಕ್ಕೆ ಎರಡು. ಚೀಟಿಯಲ್ಲಿ ಹಾಡಿನ ಹೆಸರು ಗೀಚುವರು, ಎದ್ದು ಅಂಗಳ ಸುತ್ತುವರು, ಮತ್ತೆ ಬಂದು ಟೇಪು ಬಗ್ಗಿ ನೋಡುವರು.

"ಅಕ್ಕಾ, ಈ ಹಾಡು ಬೇಗ ಮುಗ್ಸು. ಈ ಮಗ್ಗುಲಾಗೆ ಟೇಪು ಕಮ್ಮಿ ಅದೆ."

"ಬಸ್ಸು ಹೊಂಟೋಯ್ತದೇನ್ಲಾ? ಇದು ಹೆಣ್ಣೊಪ್ಸೋ ಹಾಡು ಕಣೋ. ಮಧ್ಯದಾಗೆ ನಿಲ್ಸುದ್ರೆ ಹೆಣ್ಣು ದಾರೀಲೇ ನಿಂತಂಗೆ."

ಅತ್ತೆ ಕಣ್ಣು ಮುಚ್ಚಿ ಹೇಳತೊಡಗಿದರು. ನಡುವೆಯೇ ಟೇಪು ಮುಗಿದು ಗುಂಡಿ ಕಟಕ್ಕೆಂದಿತು. ಮಾವ ಅತ್ತೆಯನ್ನು ತಡೆಯಲಿಲ್ಲ. ಕ್ಯಾಸೆಟ್ಟು ತೆಗೆದು, ತಿರುವಿ ಹಾಕುವಷ್ಟರಲ್ಲಿ ಹಾಡಿನ ಎರಡು ನುಡಿ ತಪ್ಪಿಹೋದವು. ಹಾಡು ಮುಗಿದ ಮೇಲೆ ಆ ಎರಡನ್ನೇ ಮತ್ತೆ ಹೇಳಲು ಹೋದರೆ ಅತ್ತೆಗೆ ಬರೀ ಕೆಮ್ಮು. ಸುಸ್ತಾಗಿ ಒಳಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಕೈ ತೋರಿಸಿದರು. "ಅವಳ್ಗೆ ಬತ್ತದೆ."

ನಾನು ಅಡುಗೆಮನೆಗೆ ಸರಿದೆ. ಗಂಡನ ಕಡೆಯ ಹಿರಿಯ ಗಂಡಸರೆದುರು ಅಲ್ಲಿಯವರೆಗೆ ಒಂದು ಮಾತೂ ಆಡಿದವಳಲ್ಲ. ಮಾವ ಬೆರಳಿನ ಉಂಗುರ ಬಿಚ್ಚಿ ಡೆಕ್ಕಿನ ಮೇಲಿಟ್ಟು ನಾನಿದ್ದ ಕಡೆ ತಿರುಗಿದರು.

"ತಾಯೀ, ಈ ಎರಡು ಗುಂಡಿ ಒಟ್ಗೆ ಒತ್ತು. ಮೂರು ಸಲ ಕುಟ್ಟಿ ಹೇಳು. ಬಿಟ್ಟೋದ ನುಡಿ ಅಂತ ಗುರುತಿಗೆ. ನಾನು ಹುಣಸೇಮರದ ತಾವ ಇರ್ತೀನಿ, ಅಲ್ಲಿಗೆ ಕೇಳ್ಸಲ್ಲ."

ಹೊರಟೇಹೋದರು. ಕಿಟಕಿಯಿಂದ ನೋಡಿದರೆ ಮರದ ಸುತ್ತ ಸುತ್ತುತ್ತಿದ್ದರು. ಡೆಕ್ಕಿನ ಮುಂದೆ ಬಂದು ಕೂತೆ. ಅತ್ತೆ ನನ್ನ ಮೊಣಕಾಲ ಮೇಲೆ ಕೈಯಿಟ್ಟರು. ಮೂರು ಕುಟ್ಟಬೇಕಿತ್ತು, ಎಣಿಕೆ ತಪ್ಪಿ ನಾಲ್ಕಾಯಿತು. ಹೇಗೋ ಹೇಳಿ ಮುಗಿಸಿದೆ. ಮಾವ ಬಂದು, ನಾಲ್ಕಾಯಿತೆಂದು ಅತ್ತೆಯಿಂದ ತಿಳಿದು, ಚೀಟಿಯಲ್ಲಿ ಮೂರನ್ನು ಹೊಡೆದು ನಾಲ್ಕು ಮಾಡಿದರು.

ಆಪರೇಷನ್ನಾದ ಮೇಲೆ ಅತ್ತೆಯ ದನಿ ಹೋಯಿತು. ಅಂಗಡಿಯಲ್ಲಿ ಹಾಕಿ ಪೂರ್ತಿ ಕೇಳಿ ಪರೀಕ್ಷಿಸಿದ ಕ್ಯಾಸೆಟ್ಟನ್ನು ಮಾವ ಒಂದು ದಿನ ತಂದುಕೊಟ್ಟರು. ಹೊಸಿಲಾಚೆಯೇ ನಿಂತು, "ಹೆಣ್ಣು ಗಂಡನ ಮನೆ ಸೇರ್ಕೊಂಡ್ಲು ತಾಯೀ" ಎಂದರು. ಒಳಗೆ ಬನ್ನಿ ಎನ್ನಬೇಕಿತ್ತು. ತಲೆಯಾಡಿಸಿದೆ ಅಷ್ಟೆ.

ಮರುವರ್ಷ ಅವರು ತೀರಿಕೊಂಡರು. ಎಷ್ಟೋ ಸಲ ನನ್ನ ಕೈಯೂಟ ಉಂಡಿದ್ದರು. ನನ್ನ ದನಿ ಅವರು ಕೇಳಿದ್ದು ಆ ಎರಡು ನುಡಿ ಮಾತ್ರ.