ಸೋಪು ಎಳೆಯದ ಮೆಷಿನ್ನು, ಇಲ್ಲ ಎನ್ನದ ಭಾಮೈದ

ಅವನಿಗೂ ಒಂದು ಹೆಸರಿದೆ. ಗುರುತಿನ ಚೀಟಿಯಲ್ಲಿ ಫೋಟೋದ ಪಕ್ಕದಲ್ಲೇ ಅಚ್ಚಾಗಿದೆ. ಆದರೆ ಅಕ್ಕನ ಗಂಡನ ಕೈಕೆಳಗೆ ಕೆಲಸಕ್ಕೆ ಸೇರಿದ ದಿನದಿಂದ ಅವನು ಎಲ್ಲರಿಗೂ ಭಾಮೈದ. ಹೋದಲ್ಲೆಲ್ಲ ಭಾವ ‘ಇವನು ನಮ್ಮ ಭಾಮೈದ’ ಎಂದು ಪರಿಚಯ ಮಾಡಿಸುತ್ತಾರೆ, ‘ಇದು ನಮ್ಮ ಏಣಿ’ ಎನ್ನುವ ದನಿಯಲ್ಲೇ. ಹೀಗಾಗಿ ಗೋಡೆ ತೊಳೆಸಿಕೊಂಡವರೂ, ಪೈಪಿನ ಅಂಗಡಿಯವನೂ, ಪೆಟ್ರೋಲ್ ಹಾಕುವವನೂ ‘ಏನ್ ಭಾಮೈದ, ಆರಾಮಾ?’ ಎಂದೇ ಕೇಳುವುದು. ಊರ ತುಂಬ ಭಾವಂದಿರು. ಅಕ್ಕ ಮಾತ್ರ ಒಬ್ಬಳೇ.

ಕೆಲಸವೆಂದರೆ ಕಟ್ಟಡಗಳ ಹೊರಗೋಡೆ ತೊಳೆಯುವುದು. ಗೋಡೆಗೆ ಹಿಡಿದ ಪಾಚಿ, ಹೊಗೆ, ಧೂಳು, ಪಾರಿವಾಳಗಳ ಕೃಪೆ, ಎಲ್ಲವನ್ನೂ ಮೊದಲು ಸೋಪಿನ ನೀರಿನಲ್ಲಿ ನೆನೆಸಿ, ಆಮೇಲೆ ಪ್ರೆಷರ್ ಮೆಷಿನ್ನಿನ ನೀರಿನಿಂದ ಹೊಡೆದು ಇಳಿಸುವುದು. ಭಾಮೈದನಿಗೆ ಇದು ಮೂರನೆಯ ನೌಕರಿ. ಮೊದಲಿನೆರಡು ಒಂದೇ ಕಾಯಿಲೆಯಿಂದ ಹೋದವು: ಅವನಿಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ಕೊರಿಯರ್ ಹಂಚುವಾಗ ಯಾರದೋ ಕರೆಂಟ್ ಬಿಲ್ಲಿನ ಸಾಲಿನಲ್ಲಿ ನಿಂತುಕೊಂಡು, ಹಂಚಬೇಕಾದ ಪಾರ್ಸೆಲ್ಲುಗಳನ್ನು ಬ್ಯಾಗಿನಲ್ಲೇ ಸಂಜೆ ಮಾಡಿಸಿದ. ಮೊಬೈಲ್ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಪುಕ್ಕಟೆಯಾಗಿ ಸ್ಕ್ರೀನಿಗೆ ಗಾಜು ಅಂಟಿಸಿಕೊಟ್ಟ. ಕೊನೆಗೆ ಅಂಗಡಿಯವನು ಅವನನ್ನೇ ಕಿತ್ತುಹಾಕಿದ. ‘ದೇವರು ಇವನಿಗೆ ಕತ್ತು ಕೊಟ್ಟಿದ್ದೇ ಮೇಲೆ ಕೆಳಗೆ ಆಡ್ಸೋಕೆ, ಅಡ್ಡ ಆಡ್ಸೋಕಲ್ಲ’ ಎಂದು ಅಕ್ಕ ಬಂದವರ ಮುಂದೆಲ್ಲ ಹೇಳುತ್ತಾಳೆ. ಅವನು ಅದಕ್ಕೂ ತಲೆಯಾಡಿಸುತ್ತಾನೆ.

ಭಾವನ ಬಳಿ ಎರಡು ವರ್ಷ ಅವನ ಪಾಲಿಗೆ ಬಂದದ್ದು ಡ್ರಮ್ಮಿಗೆ ನೀರು ತುಂಬಿಸುವುದು, ಪೈಪು ಸುತ್ತುವುದು, ಭಾವ ‘ಬಂದ್ ಮಾಡು’ ಎಂದಾಗ ಬಂದ್ ಮಾಡುವುದು. ನೀರು ಚಿಮ್ಮಿಸುವ ಗನ್ನು ಭಾವನ ಕೈಯಲ್ಲೇ. ಆದರೆ ಒಂದು ದಿನ ಮೆಷಿನ್ನನ್ನು ವ್ಯಾನಿಗೆ ಎತ್ತುವಾಗ ಭಾವನ ಸೊಂಟ ಹಿಡಿದುಕೊಂಡಿತು. ಮರುದಿನ ಬೆಳಿಗ್ಗೆ ಹಾಸಿಗೆಯ ಮೇಲೆ ಮಕಾಡೆ ಮಲಗಿಕೊಂಡೇ, ದಿಂಬಿಗೆ ಹೇಳುವ ಹಾಗೆ ಹೇಳಿದರು:

“ಇವತ್ತಿನ ಗೋಡೆ ನೀನೇ ಮುಗಿಸು. ಸರಿಯಾಗಿ ಮುಗಿಸಿದ್ರೆ ಇನ್ಮುಂದೆ ಒಬ್ಬನೇ ಹೋಗೋಕೆ ಲಾಯಕ್ಕು ಅಂತ ಒಪ್ಕೋತೀನಿ. ಕೆಡಿಸ್ಕೊಂಡು ಬಂದ್ಯೋ, ಮತ್ತೆ ಡ್ರಮ್ಮು ನಿಂದೇ. ಪಡುವಣ ಗೋಡೆ ಅದು. ಹನ್ನೆರಡು ದಾಟಿದ್ರೆ ಬಿಸಿಲು ಬೀಳುತ್ತೆ. ಸೋಪು ಗೋಡೆ ಮೇಲೆ ಒಣಗಿದ್ರೆ ಬಿಳಿ ಕಲೆ. ಅದನ್ನ ನಿಮ್ಮಪ್ಪ ಬಂದ್ರೂ ತೆಗೆಯಕ್ಕಾಗಲ್ಲ.”

“ಆಯ್ತು ಭಾವ,” ಎಂದ. ಆ ದಿನ ಆ ಮಾತನ್ನು ಮನಸಾರೆ ಹೇಳಿದ್ದು ಅದೊಂದೇ ಸಲ.

ಎರಡಂತಸ್ತಿನ ಕಟ್ಟಡ, ಆರು ಮನೆ. ಪಡುವಣ ಗೋಡೆ ಮೇಲಿಂದ ಕೆಳಗಿನ ತನಕ ಹಸಿರು ಕಂಬಳಿ ಹೊದ್ದುಕೊಂಡಿತ್ತು. ಭಾಮೈದ ಎಂಟೂವರೆಗೆಲ್ಲ ಮೆಷಿನ್ನನ್ನು ಗೋಡೆಯ ಬುಡದಲ್ಲಿ ನಿಲ್ಲಿಸಿ, ಸೋಪಿನ ಇಂಜೆಕ್ಟರ್ ಜೋಡಿಸಿದ. ಇಂಜೆಕ್ಟರ್ ಎಂದರೆ ಬೆರಳುದ್ದದ ಹಿತ್ತಾಳೆಯ ತುಂಡು. ಮೆಷಿನ್ನಿಂದ ನೀರು ಹೊರಡುವ ಬಾಯಿಗೂ ಪೈಪಿಗೂ ನಡುವೆ ಕೂರುತ್ತದೆ. ಅದರ ಪಕ್ಕೆಯಿಂದ ಒಂದು ಸಣ್ಣ ಕೊಳವೆ ಇಳಿದು ಸೋಪಿನ ಕ್ಯಾನಿನೊಳಗೆ ಮುಳುಗಿರುತ್ತದೆ. ಗನ್ನಿನ ತುದಿಗೆ ಅಗಲ ಬಾಯಿಯ ಕಪ್ಪು ನಾಜಲ್ ಹಾಕಿದರೆ ನೀರು ಅಡೆತಡೆಯಿಲ್ಲದೆ ಓಡುತ್ತದೆ. ಅವಸರದಲ್ಲಿ ಹೊರಟವನು ಬಾಗಿಲಲ್ಲಿ ನಿಂತವನ ಕೈಹಿಡಿದು ಎಳೆದುಕೊಂಡು ಹೋಗುವ ಹಾಗೆ, ಓಡುವ ನೀರು ಸೋಪನ್ನೂ ಎಳೆದುಕೊಂಡು ಹೋಗುತ್ತದೆ. ನೀರಿಗೆ ಮುಂದೆ ಎಲ್ಲಾದರೂ ತಡೆಯಾದರೆ ಅದು ತನ್ನ ಪಾಡನ್ನಷ್ಟೇ ನೋಡಿಕೊಳ್ಳುತ್ತದೆ. ಸೋಪು ಕ್ಯಾನಿನಲ್ಲೇ ಕೂತಿರುತ್ತದೆ.

ಗೋಡೆಯ ಮೊದಲ ಪಟ್ಟಿಗೆ ಸೋಪು ಚೆನ್ನಾಗಿ ಬಂತು. ಉದ್ದ ಕೋಲಿನ ಗನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಹಚ್ಚಿದ, ಹಾಲು ಉಕ್ಕಿದ ಹಾಗೆ ನೊರೆ. ಐದು ನಿಮಿಷ ಬಿಟ್ಟು, ಸಣ್ಣ ಬಾಯಿಯ ನಾಜಲ್ ಹಾಕಿ, ಮೇಲಿನಿಂದ ಕೆಳಕ್ಕೆ ತೊಳೆದ. ಪಾಚಿಯ ಕೆಳಗೆ ಹಳದಿ ಬಣ್ಣ ಕಾಣಿಸಿತು. ಈ ಗೋಡೆ ಹಳದಿ ಎಂಬುದೇ ಆ ಮನೆಗಳವರಿಗೆ ಮರೆತುಹೋಗಿತ್ತೇನೋ. ಭಾಮೈದ ಎರಡು ಹೆಜ್ಜೆ ಹಿಂದೆ ಸರಿದು, ತಾನೇ ಆ ಗೋಡೆ ಕಟ್ಟಿದವನ ಹಾಗೆ ಸೊಂಟಕ್ಕೆ ಕೈಕೊಟ್ಟು ನೋಡಿದ.

ಆಗ ಕೆಳಗಿನ ಮನೆಯ ಕಿಟಕಿ ತೆರೆಯಿತು. ಒಬ್ಬ ಅಜ್ಜಿ.

“ಮಗಾ, ಈಗ ತಾನೇ ಕೂಸು ಮಲಗಿದೆ. ರಾತ್ರಿಯೆಲ್ಲ ಅತ್ತು ಅತ್ತು ನಮ್ಮನ್ನ ಸಾಯಿಸಿಬಿಟ್ಟಿದೆ. ಆ ನಿನ್ನ ಗಡಗಡಾನ ಸ್ವಲ್ಪ ಆಚೆ ಇಡಕ್ಕಾಗಲ್ವಾ?”

“ಆಯ್ತಜ್ಜಿ.”

ಮೆಷಿನ್ನನ್ನು ಕಟ್ಟಡದ ಮೂಲೆಗೆ ಉರುಳಿಸಿಕೊಂಡು ಹೋದ, ಇನ್ನೊಂದು ಪೈಪು ಜೋಡಿಸಿದ. ನೊರೆ ಸ್ವಲ್ಪ ತೆಳುವಾಯಿತು. ಕ್ಯಾನು ಅಲುಗಾಡಿದ್ದಕ್ಕೆ ಇರಬೇಕು ಅಂದುಕೊಂಡ.

ಮೂಲೆಯಲ್ಲಿ ಕಟ್ಟಡದ ಸೆಕ್ರೆಟರಿಯ ಕಾರು ನಿಂತಿತ್ತು. ಕಾರಿನ ಹಿಂದೆಯೇ ಸೆಕ್ರೆಟರಿಯೂ ಬಂದರು.

“ಏನಪ್ಪಾ, ಮೆಷಿನ್ನಿನ ಹೊಗೆಯೆಲ್ಲ ನನ್ನ ಕಾರಿಗೇ ಕುಡಿಸ್ತಿದ್ದೀಯ? ನಿನ್ನೆ ಪಾಲಿಶ್ ಮಾಡ್ಸಿದ್ದು.”

“ಆಯ್ತು ಸಾರ್, ಹಿಂದಕ್ಕೆ ಇಡ್ತೀನಿ.”

ಮೂರನೆಯ ಪೈಪು. ಮೆಷಿನ್ನು ಸೈಕಲ್ ಶೆಡ್ಡಿನ ಪಕ್ಕಕ್ಕೆ ಹೋಯಿತು. ಗನ್ನಿನಿಂದ ಬಂದದ್ದು ಈಗ ನೊರೆಯಲ್ಲ, ಹಲ್ಲುಜ್ಜಿ ಉಗುಳಿದ ನೀರಿನಂಥದ್ದು.

ನಾಲ್ಕನೆಯ ಪೈಪನ್ನು ಯಾರೂ ಕೇಳಲಿಲ್ಲ. ಮೇಲಿನ ಬಾಲ್ಕನಿಯಲ್ಲಿ ಪೇಪರ್ ಓದುತ್ತಿದ್ದವರೊಬ್ಬರು ಪೇಪರ್ ಇಳಿಸಿ ಕೆಳಗೆ ನೋಡಿದರು, ಅಷ್ಟೇ. ಭಾಮೈದ ಆ ನೋಟಕ್ಕೆ ತಾನೇ ಅರ್ಥ ಹಚ್ಚಿ, “ಸದ್ದಾಗ್ತಿದೆಯಾ ಸಾರ್? ಆಯ್ತು ಆಯ್ತು,” ಎನ್ನುತ್ತ ಮೆಷಿನ್ನನ್ನು ಶೆಡ್ಡಿನ ಹಿಂದಕ್ಕೇ ನೂಕಿದ. ಅವರು ಮತ್ತೆ ಪೇಪರ್ ಎತ್ತಿಕೊಂಡರು. ಕೇಳದಿದ್ದರೂ ಒಪ್ಪಿಕೊಳ್ಳುವವನನ್ನು ಅವರು ಅದೇ ಮೊದಲು ನೋಡಿದ್ದಿರಬೇಕು.

ಈಗ ಗನ್ನಿನಲ್ಲಿ ಬರೀ ನೀರು. ಸ್ವಚ್ಛ, ತಣ್ಣನೆಯ, ಕುಡಿಯಬಹುದಾದ ನೀರು. ಗಂಟೆ ಹತ್ತು.

ಭಾವನಿಗೆ ಫೋನು ಹಚ್ಚಿದ.

“ಸೋಪು ಎಳೀತಿಲ್ಲ ಭಾವ.”

“ಕಪ್ಪು ನಾಜಲ್ ಹಾಕಿದ್ದೀಯಾ?”

“ಹಾಕಿದ್ದೀನಿ.”

“ನಿಜವಾಗ್ಲೂ ಕಪ್ಪಾ?”

“ಕಪ್ಪು ಭಾವ. ಕಾಗೆ ಕಪ್ಪು.”

“ಹಾಗಾದ್ರೆ ಜಾಲರಿ ಕಟ್ಟಿರುತ್ತೆ. ಬಿಚ್ಚು.”

ಕ್ಯಾನಿನ ಕೊಳವೆಯ ತುದಿಯ ಜಾಲರಿಯನ್ನು ಬಿಚ್ಚಿ ತೊಳೆದ. ಇಲ್ಲ. ಎರಡನೆಯ ಸಲ ಭಾವ ‘ಹಿತ್ತಾಳೆ ಮೇಲೆ ಬಾಣದ ಗುರುತು ಇದೆಯಲ್ಲ, ಯಾವ ಕಡೆ ನೋಡ್ತಿದೆ?’ ಎಂದರು. ಬಾಣ ಸರಿಯಾದ ಕಡೆಯೇ ನೋಡುತ್ತಿತ್ತು. ಆ ಬೆಳಿಗ್ಗೆ ಸರಿಯಾದ ಕಡೆ ನೋಡುತ್ತಿದ್ದದ್ದು ಅದೊಂದೇ. ಮೂರನೆಯ ಸಲ: ‘ಒಳಗಡೆ ಒಂದು ಗುಂಡು, ಅದರ ಹಿಂದೆ ಸ್ಪ್ರಿಂಗು. ಗುಂಡು ಅಂಟ್ಕೊಂಡಿರುತ್ತೆ. ಬಿಚ್ಚಿ ಕಡ್ಡೀಲಿ ತಳ್ಳು.’ ಬಿಚ್ಚಿದ. ಜೋಳದ ಕಾಳಿನಷ್ಟಿದ್ದ ಗುಂಡು ಅಂಗೈಯಿಂದ ಹಾರಿ, ನೆಲದ ಮೇಲೆ ಟಣ್ ಟಣ್ ಎಂದು ಕುಣಿದು, ಚರಂಡಿಯ ಜಾಲಿಯ ಕಡೆ ಹೊರಟಿತು. ಭಾಮೈದ ಅದರ ಹಿಂದೆ ಅಂಬೆಗಾಲಿಟ್ಟ. ಜಾಲಿಯ ಅಂಚಿನಲ್ಲಿ ಹಿಡಿದು ತಲೆಯೆತ್ತಿದರೆ ಎದುರಿಗೆ ಪಾಲಿಶ್ ಮಾಡಿದ ಎರಡು ಬೂಟು. ಸೆಕ್ರೆಟರಿ.

“ಏನಪ್ಪಾ, ಗೋಲಿ ಆಡ್ತಿದ್ದೀಯಾ? ಇದು ಕೆಲಸ ಗೊತ್ತಿರೋರು ಮಾಡೋದಲ್ವಾ? ನಿಮ್ಮ ಭಾವ ಬರಲ್ವಾ?”

“ಅವರಿಗೆ ಸೊಂಟ ಹಿಡಿದಿದೆ ಸಾರ್.”

“ನಿನಗೆ ಏನು ಹಿಡಿದಿದೆ?”

“ಆಯ್ತು ಸಾರ್,” ಎಂದು ಗುಂಡನ್ನು ಮತ್ತೆ ಒಳಗೆ ಕೂರಿಸಿ ಒತ್ತಿದ; ಆಗಲೂ ಬರೀ ನೀರು.

ನಾಲ್ಕನೆಯ ಸಲ ಫೋನು ಎತ್ತಿದ್ದು ಅಕ್ಕ. “ನಿಮ್ಮ ಭಾವನಿಗೆ ಕೂಗಿ ಕೂಗಿ ಮಗ್ಗುಲಾಗೋಕೆ ಹೋಗಿ ಇನ್ನೊಂದು ಕಡೇನೂ ಹಿಡ್ಕೊಂಡಿದೆ. ನೀನು ಫೋನಿಡು ಮೊದಲು. ಊಟದ ಡಬ್ಬಿ ಬೇರೆ ಇಲ್ಲೇ ಬಿಟ್ಟು ಹೋಗಿದ್ದೀಯ!” ಹಿಂದಿನಿಂದ ಭಾವನ ದನಿ: “ಅವನಿಗೆ ಹೇಳು, ಹೊಸ ಇಂಜೆಕ್ಟರ್ ಕಣೇ ಅದು! ಹೋದ ವಾರ ತಂದಿದ್ದು!”

ಹನ್ನೊಂದು ಗಂಟೆ. ಗೋಡೆಯ ಆರನೇ ಒಂದು ಭಾಗ ಹಳದಿ, ಉಳಿದದ್ದು ಹಸಿರು. ಭಾಮೈದನಿಗೆ ಇಂಜೆಕ್ಟರ್ ಮೇಲೆ, ಅದನ್ನು ಕಂಡುಹಿಡಿದವನ ಮೇಲೆ, ಅವನನ್ನು ಹೆತ್ತವರ ಮೇಲೆ ರೇಗಿಹೋಯಿತು. ಸಿಟ್ಟಿನಲ್ಲಿ ಪೈಪುಗಳನ್ನೆಲ್ಲ ಕಿತ್ತೆಸೆದು, ಒಂದೇ ಒಂದು ಪೈಪಿಗೆ ಗನ್ನು ಸಿಕ್ಕಿಸಿ, ಶೆಡ್ಡಿನ ಹಿಂದೆಯೇ ನಿಂತು ಒತ್ತಿದ. ಬೈಯಲು ಬಾಯಿ ತೆರೆದೂ ಆಗಿತ್ತು.

ನೊರೆ ಬಂತು. ಶೆಡ್ಡಿನ ತಗಡು, ಪಕ್ಕದ ಪಾಗಾರ ಗೋಡೆ, ಯಾರದೋ ಸೈಕಲ್ಲಿನ ಸೀಟು, ಎಲ್ಲ ಬೆಳ್ಳಗಾದವು.

ಎರಡನೆಯ ಪೈಪು ಸೇರಿಸಿ ನೋಡಿದ: ತೆಳು. ಮೂರನೆಯದು: ಉಗುಳು. ನಾಲ್ಕನೆಯದು: ಬರೀ ನೀರು. ಇಂಜೆಕ್ಟರಿಗೆ ಏನೂ ಆಗಿರಲಿಲ್ಲ. ಅಷ್ಟುದ್ದದ ಪೈಪಿನಲ್ಲಿ ತಳ್ಳಿಕೊಂಡು ಹೋಗುವುದೇ ನೀರಿಗೆ ಏದುಸಿರು. ಇನ್ನು ಸೋಪನ್ನು ಎಳೆಯುವುದೆಲ್ಲಿ ಬಂತು. ತಡೆಯಾಗಿದ್ದದ್ದು ಅವನದೇ ‘ಆಯ್ತು’ಗಳು. ಒಂದೊಂದು ‘ಆಯ್ತು’ಗೆ ಹದಿನೈದು ಮೀಟರ್.

ಪರಿಹಾರ ಮಗುವಿಗೂ ಗೊತ್ತಾಗುವಂಥದ್ದು: ಮೆಷಿನ್ನನ್ನು ಮತ್ತೆ ಗೋಡೆಯ ಬುಡಕ್ಕೆ ತರುವುದು. ಮಗುವಿನದೇ ತಕರಾರು ಎಂಬುದು ಬೇರೆ ಮಾತು. ಅಜ್ಜಿಯನ್ನು ಒಂದು ಗಂಟೆ ಸಹಿಸಿಕೊಳ್ಳಿ ಎಂದು ಕೇಳಲೇಬೇಕು ಎಂದು ನಿರ್ಧರಿಸಿ ಹೋದ. ದಾರಿಯಲ್ಲಿ ಮಾತನ್ನು ಎರಡು ಸಲ ಒಪ್ಪಿಸಿಕೊಂಡ. ಬಾಗಿಲು ಮೆಲ್ಲಗೆ ತಟ್ಟಿದ. ಅಜ್ಜಿ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಬಾಗಿಲು ತೆರೆದರು. ಒಳಗೆ ಮಗುವಿನ ತಾಯಿ ಗೋಡೆಗೊರಗಿ ಕೂತಲ್ಲೇ, ಬಾಯಿ ಅರ್ಧ ತೆರೆದು, ಮಗುವಿಗಿಂತ ಗಾಢವಾಗಿ ನಿದ್ದೆ ಹೋಗಿದ್ದಳು.

“ಏನು ಮಗಾ?” ಎಂದು ಅಜ್ಜಿ ಪಿಸುಗುಟ್ಟಿದರು.

“ಏನಿಲ್ಲ ಅಜ್ಜಿ. ಸ್ವಲ್ಪ ಕುಡಿಯೋಕೆ ನೀರು.”

ಬೆಳಗಿನಿಂದ ನೀರಿನಲ್ಲೇ ನೆಂದು ತೊಪ್ಪೆಯಾಗಿದ್ದವನು, ಎರಡು ಲೋಟ ನೀರು ಕುಡಿದು ಹಿಂತಿರುಗಿದ. ಥೂ ನನ್ನ ಜನ್ಮಕ್ಕಿಷ್ಟು, ಎಂದುಕೊಂಡ. ನನ್ನನ್ನೂ ಯಾರಾದರೂ ಬಿಚ್ಚಿ, ಎಲ್ಲಿ ಅಂಟಿಕೊಂಡಿದೆ ಎಂದು ಕಡ್ಡಿಯಲ್ಲಿ ತಳ್ಳಬಾರದೇ!

ಹನ್ನೊಂದೂಕಾಲು. ಪೈಪಿನ ಸುರುಳಿಯ ಮೇಲೆ ಕುಕ್ಕರಗಾಲಲ್ಲಿ ಕೂತ. ಮೆಷಿನ್ನು ಬರುವಂತಿಲ್ಲ, ಗೋಡೆ ಹೋಗುವಂತಿಲ್ಲ. ಕೈಯಲ್ಲಿ ಆ ಬೆರಳುದ್ದದ ಹಿತ್ತಾಳೆ. ಇದನ್ನು ಮೆಷಿನ್ನಿನ ಬಾಯಿಗೇ ಕೂರಿಸಬೇಕು ಎಂದು ಹೇಳಿದವರು ಯಾರು? ಯಾರೂ ಹೇಳಿಲ್ಲ. ಭಾವ ಯಾವಾಗಲೂ ಅಲ್ಲೇ ಕೂರಿಸುತ್ತಿದ್ದರು, ಇವನು ಯಾವಾಗಲೂ ಅದನ್ನೇ ನೋಡುತ್ತಿದ್ದ. ಅದರ ಎರಡು ತುದಿಗೂ ಪೈಪಿನದೇ ತಿರುಪು ಮರೆಗಳಿವೆ. ಮೂರು ಪೈಪು ಕಳೆದ ಮೇಲೆ, ಕೊನೆಯ ಪೈಪಿನ ಮೊದಲಿಗೆ ಕೂರಿಸಿದರೆ? ಆಗ ಸೋಪು ಹೋಗಬೇಕಾದ ದೂರ ಒಂದೇ ಪೈಪು. ಮೆಷಿನ್ನು ಶೆಡ್ಡಿನ ಹಿಂದೆ ಬೇಕಾದಷ್ಟು ಗಡಗಡಿಸಲಿ.

ಕೂರಿಸಿದ. ಒತ್ತಿದ. ಅರೆಕ್ಷಣ ನೀರು, ಆಮೇಲೆ ಹಾಲು.

ಒಂದೇ ತೊಡಕು. ಇಂಜೆಕ್ಟರ್ ಎಲ್ಲಿಯೋ ಸೋಪಿನ ಕ್ಯಾನೂ ಅಲ್ಲಿಯೇ ಇರಬೇಕು; ಅವನು ಪಕ್ಕಕ್ಕೆ ಸರಿದಂತೆ ಅದೂ ಸರಿಯಬೇಕು. ಇಪ್ಪತ್ತು ಲೀಟರಿನ ಕ್ಯಾನು. ಎಡಗೈಯಲ್ಲಿ ಕ್ಯಾನು, ಬಲಗೈಯಲ್ಲಿ ಗನ್ನು, ಭುಜದ ಮೇಲೆ ಪೈಪು. ಹಚ್ಚುವುದು, ಕಾಯುವುದು, ನಾಜಲ್ ಬದಲಿಸುವುದು, ತೊಳೆಯುವುದು, ಮತ್ತೆ ಕ್ಯಾನು ಎತ್ತುವುದು. ಹಿಡಿಕೆ ಬೆರಳಿನಲ್ಲಿ ಗೆರೆ ಕೊರೆಯಿತು. ಬಿಸಿಲು ಮಾಳಿಗೆಯ ಅಂಚಿನಿಂದ ಇಣುಕಿದಾಗ ಎರಡು ಪಟ್ಟಿ ಬಾಕಿ. ಅದು ಒಂದು ಅಡಿ ಇಳಿದರೆ ಇವನು ಒಂದು ಪಟ್ಟಿ ಮುಂದೆ. ಬಾಲ್ಕನಿಯವರು ಪೇಪರ್ ಮಡಿಸಿ ಕೆಳಗಿಟ್ಟು, ಕಟಕಟೆಗೆ ಮೊಣಕೈಯೂರಿ ನೋಡತೊಡಗಿದರು.

“ಸದ್ದಾಗ್ತಿದೆಯಾ ಸಾರ್?” ಎಂದು ಏದುತ್ತಲೇ ಕೇಳಿದ.

“ಅಯ್ಯೋ ಇಲ್ಲಪ್ಪ. ನನಗೆ ಒಂದು ಕಿವಿ ಕೇಳೋದೇ ಇಲ್ಲ. ಬೆಳಿಗ್ಗೆನೂ ಸುಮ್ಮನೆ ನೋಡಿದ್ದು. ಚೆನ್ನಾಗಿ ಮಾಡ್ತಿದ್ದೀಯ.”

ಭಾಮೈದ ಹದಿನೈದು ಮೀಟರ್ ಪೈಪನ್ನು ಒಮ್ಮೆ ನೋಡಿದ, ಅವರನ್ನು ಒಮ್ಮೆ ನೋಡಿದ, ಕ್ಯಾನು ಎತ್ತಿಕೊಂಡ.

ಅಷ್ಟರಲ್ಲಿ ಗೇಟಿನಲ್ಲಿ ಆಟೋ ನಿಂತಿತು. ಸೊಂಟಕ್ಕೆ ಅಗಲ ಪಟ್ಟಿ ಬಿಗಿದುಕೊಂಡ ಭಾವ, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಅಕ್ಕ ಬೇಡವೆಂದರೂ ಹೊರಟು ಬಂದಿದ್ದರು. ಸದ್ದು ಹಿಡಿದು ಶೆಡ್ಡಿನ ಹಿಂದೆ ಹೋದರು. ಅಲ್ಲಿ ಮೆಷಿನ್ನು ಒಂಟಿಯಾಗಿ ಗುಡುಗುತ್ತಿತ್ತು. ಮನುಷ್ಯರಿಲ್ಲ. ಬಾಯಿಯಲ್ಲಿ ಇಂಜೆಕ್ಟರೂ ಇಲ್ಲ.

“ಲೇ! ಇಂಜೆಕ್ಟರ್ ಯಾರೋ ಎತ್ಕೊಂಡು ಹೋಗಿದ್ದಾರೋ!”

ಪೈಪಿನ ಜಾಡು ಹಿಡಿದು, ಒಂದು ಕೈ ಸೊಂಟದ ಮೇಲಿಟ್ಟುಕೊಂಡು, ಮೂಲೆ ತಿರುಗಿ, ಕಾರು ಬಳಸಿ, ಮೆಲ್ಲಗೆ ಬಂದು ಮುಟ್ಟುವ ಹೊತ್ತಿಗೆ ಭಾಮೈದ ಕೊನೆಯ ಪಟ್ಟಿ ತೊಳೆಯುತ್ತಿದ್ದ. ಭಾವ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ, ಬೆಲೆ ಕೇಳುವವರ ಹಾಗೆ ನೋಡಿದರು. ಕಲೆ ಹುಡುಕಿದರು. ಸಿಗಲಿಲ್ಲ. ಆಮೇಲೆ ಪೈಪಿನ ನಡುವೆ ಕೂತಿದ್ದ ಹಿತ್ತಾಳೆ ತುಂಡನ್ನು ನೋಡಿದರು.

“ಮೆಷಿನ್ನು ಶೆಡ್ಡಿನ ಹಿಂದಿದೆ ಅಂತ ನನಗ್ಯಾಕೆ ಹೇಳ್ಲಿಲ್ಲ?”

“ನೀವು ಕೇಳ್ಲಿಲ್ಲ ಭಾವ.”

“ನಾಲ್ಕು ಪೈಪು ಹಾಕಿದ್ರೆ ಸೋಪು ಎಳೆಯಲ್ಲ ಅಂತ ಹತ್ತು ವರ್ಷದಿಂದ ಗೊತ್ತು ಕಣೋ ನನಗೆ! ಅದಕ್ಕೇ ಎತ್ತರದ ಕಟ್ಟಡದವರು ಕರೆದ್ರೆ ಬರಲ್ಲ ಅಂತಿದ್ದೆ. ಒಂದು ಮಾತು ಹೇಳಿದ್ದಿದ್ರೆ—” ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿ ಮತ್ತೆ ಹಿತ್ತಾಳೆಯ ಕಡೆ ನೋಡಿದರು. ಬಗ್ಗಲು ಹೋಗಿ, ಆಗದೆ, ಕಾಲಿನ ಬೆರಳಿನಿಂದ ಮುಟ್ಟಿದರು. ಜೇಬಿನಿಂದ ಫೋನು ತೆಗೆದರು.

“ನಮಸ್ಕಾರ ಸಾರ್. ಆಸ್ಪತ್ರೆ ಗೋಡೆ ಆಗಲ್ಲ ಅಂದಿದ್ನಲ್ಲ, ಆಗುತ್ತೆ. ನಾಳೇನೇ. ನನಗೆ ಸೊಂಟ ಸರಿ ಇಲ್ಲ, ನಮ್ಮ ಹುಡುಗ ಬರ್ತಾನೆ. ಹೂಂ, ಒಬ್ಬನೇ. ನನಗಿಂತ ಚೆನ್ನಾಗಿ ಗೊತ್ತು ಅವನಿಗೆ.”

ಎರಡು ವರ್ಷದಿಂದ ಕಾದಿದ್ದ ಮಾತು. ಭಾಮೈದನಿಗೆ ಗನ್ನು ಕೆಳಗಿಡುವುದೂ ಮರೆತುಹೋಯಿತು. ನೀರು ಅವನ ಚಪ್ಪಲಿಯ ಮೇಲೆಯೇ ಸುರಿಯುತ್ತಿತ್ತು.

“ಎಷ್ಟು ಮಹಡಿ ಭಾವ?”

“ಐದು. ನಿಲ್ಲೋಕೆ ಕಂಬ ಹಲಗೆ ಎಲ್ಲ ಅವರೇ ಕಟ್ಸಿರ್ತಾರೆ. ನೀನು ಕ್ಯಾನು ತಗೊಂಡು ಹತ್ತೋದಷ್ಟೇ.”

“ಲಿಫ್ಟು?”

“ಗೋಡೆ ಹೊರಗಡೆ ಯಾರೋ ಲಿಫ್ಟ್ ಇಡ್ತಾರೆ?” ಎಂದು ಭಾವ ಡಬ್ಬಿಯನ್ನು ಅವನ ಕೈಗಿತ್ತರು. “ಉಣ್ಣು ಮೊದಲು. ಆಮೇಲೆ ಮೆಷಿನ್ನು ವ್ಯಾನಿಗೆ ಎತ್ತಬೇಕು. ನನ್ನನ್ನಂತೂ ನೋಡ್ಬೇಡ.”