ಕಾಜಕ್ಕನ ಬಲಗೈ ಮತ್ತು ಯಾರದೋ ನಾಯಿ

ಇಪ್ಪತ್ತೆರಡು ವರ್ಷ ಒಂದೇ ಹೊಲಿಗೆ ಅಂಗಡಿಯಲ್ಲಿ, ಒಂದೇ ಕಿಟಕಿಯ ಪಕ್ಕ ಕೂತು ಕೋಟುಗಳಿಗೆ ಕಾಜಾ ಹೊಲಿದವಳಿಗೆ ಜನ ಬೇರೇನೆಂದು ಕರೆದಾರು? ಕಾಜಕ್ಕ ಎಂದೇ ಕರೆದರು. ಗುಂಡಿ ತೂರಿಸುವ ಆ ಸಣ್ಣ ಸೀಳಿನ ಅಂಚನ್ನು ರೇಷ್ಮೆ ದಾರದಿಂದ ಸುತ್ತಿ ಭದ್ರ ಮಾಡುವ ಕೆಲಸ ಅವಳದು. ಅದನ್ನು ಮಾಡುವ ಯಂತ್ರವೂ ಇದೆ. ಆದರೆ ದುಬಾರಿ ಕೋಟು ಹೊಲಿಸುವವರು ಮೊದಲು ಬೆರಳಿಟ್ಟು ನೋಡುವುದು ಕಾಜಾವನ್ನೇ. ಅವರು ಮೆಚ್ಚಿ ತಲೆಯಾಡಿಸಿದರೆ ಹೊಗಳಿಕೆ ಅಂಗಡಿಯ ಯಜಮಾನರಿಗೆ ಹೋಗುತ್ತಿತ್ತು. ಯಜಮಾನರು ಹೆಬ್ಬೆರಳನ್ನು ಕಿಟಕಿಯ ಕಡೆ ತೋರಿಸಿ, "ನಂದೇನಿಲ್ಲ ಸ್ವಾಮಿ, ಎಲ್ಲ ಅವಳ ಕೈಗುಣ" ಅನ್ನುತ್ತಿದ್ದರು. ಕಾಜಕ್ಕ ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಹೊಲಿಗೆಯ ಲೆಕ್ಕ ತಪ್ಪುತ್ತಿತ್ತು.

ಅವಳ ಮನೆ ಅಂಗಡಿಯ ಹಿಂದಿನ ಬೀದಿಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ಗಂಡ ಬಸ್ಸು ಓಡಿಸುತ್ತಿದ್ದ. ಮಗಳು ಓದು ಮುಗಿಸಿ ಬೇರೆ ಊರಲ್ಲಿ ಕೆಲಸಕ್ಕಿದ್ದಳು. ಆ ಓದು ದಡ ಸೇರಿದ್ದು ನೆಲಮಹಡಿಯ ಲೆಕ್ಕದ ಟೀಚರ್ ದೆಸೆಯಿಂದ. ಶಾಲೆಯಿಂದ ನಿವೃತ್ತರಾಗಿ ಒಬ್ಬರೇ ಇದ್ದ ಅವರು, ಎರಡು ಸಲ ಲೆಕ್ಕದಲ್ಲಿ ಮುಗ್ಗರಿಸಿದ ಹುಡುಗಿಯನ್ನು ಒಂದು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು, ಏನನ್ನೂ ತೆಗೆದುಕೊಳ್ಳದೆ ಪಾಠ ಹೇಳಿದ್ದರು. ಟೀಚರ್ ಮನೆಯ ಬಾಗಿಲಲ್ಲಿ ಕಂದು ಬಣ್ಣದ, ಒಂದು ಕಿವಿ ಮಡಿಚಿದ ನಾಯಿಯೊಂದು ಮಲಗಿರುತ್ತಿತ್ತು. ಅದರ ಹೆಸರು ದೊರೆ. ಹೆಸರಿಗೆ ತಕ್ಕ ಹಾಗೆ ಅದು ಯಾರಿಗೂ ದಾರಿ ಬಿಡುತ್ತಿರಲಿಲ್ಲ. ಎಲ್ಲರೂ ಅದನ್ನು ದಾಟಿಕೊಂಡೇ ಓಡಾಡುತ್ತಿದ್ದರು. ಕಾಜಕ್ಕ ಬೆಳಿಗ್ಗೆ ಇಳಿಯುವಾಗ ಒಂದು ಬಿಸ್ಕತ್ತು ಎಸೆಯುವುದೂ ಇತ್ತು.

ಅವತ್ತು ಮಂಗಳವಾರ. ಮೆಟ್ಟಿಲಿಳಿದು ಬರುವಾಗ ಅವಳ ಕೈಯಿಂದ ಬೀಗದ ಕೈ ಜಾರಿ ನಾಯಿಯ ಹತ್ತಿರ ಬಿತ್ತು. ಬಗ್ಗಿದಳು. ಅಷ್ಟೇ ಅವಳಿಗೆ ನೆನಪಿರುವುದು. ಆಮೇಲೆ ನೆನಪಿರುವುದು ಟೀಚರ್ ತಮ್ಮ ಬಿಳಿ ಶಾಲಿನಿಂದ ಅವಳ ಬಲಗೈ ಸುತ್ತುತ್ತಿದ್ದದ್ದು, ಶಾಲು ಕೆಂಪಾಗುತ್ತಿದ್ದದ್ದು, "ಇದಕ್ಕೇನು ಬಂತು, ಇದಕ್ಕೇನು ಬಂತು" ಎಂದು ಅವರು ಬಡಬಡಿಸುತ್ತಿದ್ದದ್ದು. ಬಾಲ ತುಳಿದಳೋ, ಬೀಗದ ಕೈ ಅದರ ಮೂತಿಗೆ ಬಡಿಯಿತೋ, ಅಥವಾ ಏನೂ ಇಲ್ಲದೆ ಅದು ಹಲ್ಲು ಹಾಕಿತೋ? ಮುಂದೆ ಎಷ್ಟು ಜನ ಎಷ್ಟು ಸಲ ಕೇಳಿದರೂ ಆ ಒಂದು ಕ್ಷಣ ಮಾತ್ರ ಅವಳ ತಲೆಗೆ ಮರಳಲೇ ಇಲ್ಲ.

ಆಸ್ಪತ್ರೆಗೆ ಟ್ಯಾಕ್ಸಿ ಮಾಡಿ ಕರೆದುಕೊಂಡು ಹೋದವರೂ ಟೀಚರೇ. ಡಾಕ್ಟರು ನಾಯಿಗೆ ಲಸಿಕೆ ಆಗಿದೆಯಾ ಎಂದು ಕೇಳಿದ್ದೇ ತಡ, ಟೀಚರ್ ಅದೇ ಟ್ಯಾಕ್ಸಿಯಲ್ಲಿ ಮನೆಗೆ ವಾಪಸು ಹೋಗಿ ಹಳದಿ ಕಾರ್ಡೊಂದನ್ನು ತಂದರು. "ಒಂದು ವರ್ಷವೂ ತಪ್ಪಿಸಿಲ್ಲಮ್ಮ, ನೋಡು. ಹೆದರಬೇಡ. ಇದು ನಿನ್ನ ಹತ್ರಾನೇ ಇರಲಿ, ಮುಂದಿನ ಸಲ ಕೇಳಿದ್ರೆ ತೋರಿಸೋಕೆ." ಕಾಜಕ್ಕ ಅದನ್ನು ಎಡಗೈಯಲ್ಲಿ ಇಸಿದುಕೊಂಡು ಚೀಲದಲ್ಲಿಟ್ಟಳು.

ಗಾಯ ಆರಿತು, ಆದರೆ ಕೈ ಮೊದಲಿನಂತಾಗಲಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನರ ಕತ್ತರಿಸಿಹೋಗಿತ್ತು. ಸೂಜಿ ಹಿಡಿದರೆ ಹಿಡಿದಿದ್ದೇನೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಣ್ಣಿಂದ ನೋಡಿದರೆ ಸೂಜಿ ಇರುತ್ತಿತ್ತು, ಕಣ್ಣು ಸರಿಸಿದರೆ ಬಿದ್ದಿರುತ್ತಿತ್ತು. ಯಜಮಾನರು ಎರಡು ತಿಂಗಳು ಕಾದರು. ಮೂರನೇ ತಿಂಗಳು ಯಂತ್ರ ತರಿಸಿದರು. ತರಿಸಿದ ದಿನ ಅವಳ ಮನೆಗೆ ಬಂದು ಬಾಗಿಲಲ್ಲೇ ನಿಂತು, "ನಿನ್ನ ಕುರ್ಚಿ ಹಾಗೇ ಇದೆ, ಅದರಲ್ಲಿ ಯಾರೂ ಕೂರಲ್ಲ" ಎಂದು ಹೇಳಿ, ಒಳಗೂ ಬರದೆ ಹೋದರು.

ಗಂಡನಿಗೆ ರೇಗಿತು. "ನೀನು ಹೀಗೆ ಕೈ ಕಟ್ಟಿ ಕೂತಿದ್ರೆ ಯಾರೂ ತಂದು ಕೊಡಲ್ಲ. ಕೇಸು ಹಾಕೋಣ."

"ರೀ, ಯಾರ ಮೇಲೆ?"

"ನಾಯಿ ಮೇಲೆ ಹಾಕ್ತಾರೇನೇ? ಟೀಚರ್ ಮೇಲೆ."

"ನಮ್ಮ ಮಗಳಿಗೆ ಪಾಠ ಹೇಳಿದೋರು."

"ಪಾಠ ಹೇಳಿದ್ದಕ್ಕೆ ಕೈ ಕೊಡ್ಬೇಕು ಅಂತ ಏನಾದ್ರೂ ಇತ್ತಾ?"

ಅವಳಿಗೆ ಗಂಡ ಹೇಳಿದ್ದು ಸರಿ ಅನ್ನಿಸಿತು. ಟೀಚರ್ ಮುಖ ನೆನೆದರೆ ತಪ್ಪು ಅನ್ನಿಸಿತು. ಎರಡೂ ಒಟ್ಟಿಗೆ ಸರಿ ಹೇಗಾದೀತು ಎಂದು ಯೋಚಿಸುತ್ತಿರುವಾಗಲೇ ಅವನು ಅವಳನ್ನು ಲಾಯರ್ ಆಫೀಸಿನ ಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದ.

ಲಾಯರಮ್ಮ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಚುರುಕು. ಎಲ್ಲ ಕೇಳಿ, ಬರೆದುಕೊಂಡು, ವಾರದ ಮೇಲೆ ಅರ್ಜಿ ಓದಿ ಹೇಳಿದಳು. ಅದರಲ್ಲಿ "ಅತ್ಯಂತ ಉಗ್ರ ಸ್ವಭಾವದ, ದಾರಿಹೋಕರ ಮೇಲೆ ಎರಗುವ ಚಾಳಿಯಿದ್ದ ನಾಯಿಯನ್ನು ಬೇಕೆಂದೇ ಕಟ್ಟದೆ ಬಿಟ್ಟ" ಟೀಚರ್ ಒಬ್ಬರಿದ್ದರು. ಕಾಜಕ್ಕ ಕಣ್ಣು ಕಣ್ಣು ಬಿಟ್ಟಳು.

"ಇದು ಯಾವ ನಾಯಿಯಮ್ಮ?"

"ನಿಮ್ಮನ್ನು ಕಚ್ಚಿದ ನಾಯಿ."

"ಅದು ದಿನವಿಡೀ ಮಲಗೇ ಇರುತ್ತೆ. ನಾನೇ ದಾಟಿಕೊಂಡು ಹೋಗ್ತೀನಿ."

"ಅದನ್ನು ಎಲ್ಲೂ ಹೇಳ್ಬೇಡಿ ಅಮ್ಮ. ಅರ್ಜಿಯ ಭಾಷೆಯೇ ಹೀಗೆ. ಇಲ್ಲಿ ಸೈನ್ ಹಾಕಿ."

ಬಲಗೈ ಬಾರದೆ ಎಡಗೈಯಲ್ಲಿ ಸೊಟ್ಟಪಟ್ಟ ಸಹಿ ಹಾಕಿದಳು. ಅದನ್ನು ನೋಡಿ ಲಾಯರಮ್ಮ ಖುಷಿಯಾಗಿ, "ಇದೇ ಒಳ್ಳೆ ಸಾಕ್ಷಿ" ಎಂದಳು. ತನ್ನ ಕೆಟ್ಟ ಅಕ್ಷರ ಇನ್ನೊಬ್ಬರಿಗೆ ಸಂತೋಷ ತಂದದ್ದು ಕಾಜಕ್ಕನಿಗೆ ಅದೇ ಮೊದಲು.

ಒಂದು ತಿಂಗಳಿಗೆ ಅತ್ತ ಕಡೆಯ ಉತ್ತರ ಬಂತು. ಟೀಚರ್ ತಮ್ಮನ ಮಗ ಹಿಡಿದುಕೊಟ್ಟ ಲಾಯರ್ ಬರೆದದ್ದು. ನಾಯಿ ಟೀಚರದ್ದಲ್ಲ. ಅದು ಬೀದಿನಾಯಿ, ಕಟ್ಟಡದ ಹಲವರು ಅದಕ್ಕೆ ಅನ್ನ ಹಾಕುತ್ತಾರೆ. ಹಾಕುವವರಲ್ಲಿ ಅರ್ಜಿದಾರಳೂ ಒಬ್ಬಳು. ಸಾಕುವುದು ಎಂದರೆ ಉಣಿಸುವುದು ಎಂದಾದರೆ, ಅರ್ಜಿದಾರಳೂ ಅದರ ಒಡತಿಯೇ.

"ಬಿಸ್ಕತ್ತು ಹಾಕ್ತಿದ್ರಾ?" ಲಾಯರಮ್ಮ ಕೇಳಿದಳು.

"ಒಂದೊಂದು ದಿನ."

"ಎಷ್ಟು ವರ್ಷದಿಂದ?"

"ಏಳೋ ಎಂಟೋ ಆಗಿರ್ಬೇಕು."

ಲಾಯರಮ್ಮ ಪೆನ್ನು ಕೆಳಗಿಟ್ಟಳು. ಕಾಜಕ್ಕ ಲೆಕ್ಕ ಹಾಕಿ ನೋಡಿದಳು. ಬಿಸ್ಕತ್ತು ಹಾಕಿದ್ದಕ್ಕೆ ನಾಯಿ ತನ್ನದಾದರೆ, ತನ್ನ ನಾಯಿ ತನ್ನನ್ನೇ ಕಚ್ಚಿದೆ ಎಂದು ತಾನು ಯಾರ ಹತ್ತಿರ ದೂರು ಹೇಳಬೇಕು? ಅದಕ್ಕಿಂತ ಹೆಚ್ಚು ನೋವಾದದ್ದು ಟೀಚರ್ ಮಾತಿಗೆ. ಶಾಲು ಸುತ್ತಿದ ಕೈಯೇ 'ನನ್ನದಲ್ಲ' ಎಂದು ಸಹಿ ಹಾಕಿತೇ?

"ಅದು ಅವರದ್ದೇ ಅನ್ನೋದಕ್ಕೆ ಏನಾದ್ರೂ ಕಾಗದ ಸಿಗುತ್ತಾ?" ಲಾಯರಮ್ಮ ಕೇಳಿದಳು. "ಲೈಸೆನ್ಸು, ರಸೀದಿ, ಫೋಟೋ, ಏನಾದ್ರೂ. ಇಲ್ಲದಿದ್ರೆ ನಮ್ಮ ಕೇಸು ನಿಲ್ಲೋದು ಕಷ್ಟ."

ಹಳದಿ ಕಾರ್ಡು ಆಗ ಅವಳ ಮಡಿಲಲ್ಲಿದ್ದ ಚೀಲದೊಳಗೇ ಇತ್ತು. ಮೇಲುಗಡೆ 'ಮಾಲೀಕರು' ಎಂದಿರುವಲ್ಲಿ ಟೀಚರ್ ದುಂಡಗಿನ ಕೈಬರಹದಲ್ಲಿ ಅವರದೇ ಹೆಸರು. ಕಾಜಕ್ಕ ಚೀಲದ ಬಾಯಿ ಮುಚ್ಚಿ ಹಿಡಿದು, "ಹುಡುಕಿ ನೋಡ್ತೀನಿ" ಎಂದಳು.

ಯಾಕೆ ಹಾಗೆಂದಳು? ಅವಳಿಗೇ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಕೂತು ತನ್ನನ್ನೇ ಬೈದುಕೊಂಡಳು. ಅವರು ಸುಳ್ಳು ಹೇಳಿದ್ದಾರೆ, ನಾನು ನಿಜ ತೋರಿಸಿದರೆ ತಪ್ಪೇನು? ಆದರೆ ಆ ಕಾರ್ಡನ್ನು ಅವರು ಕೊಟ್ಟದ್ದು ಹೆದರಬೇಡ ಎಂದು. ಹೆದರಬೇಡ ಎಂದು ಕೊಟ್ಟದ್ದನ್ನೇ ಅವರ ಮೇಲೆ ಬೀಸುವುದೇ? ಹಾಗಾದರೆ ನನ್ನ ಕೈ? ನನ್ನ ಇಪ್ಪತ್ತೆರಡು ವರ್ಷ? ಹೀಗೆ ಅತ್ತ ಇತ್ತ ವಾಲುತ್ತ ಇಳಿಯಬೇಕಾದ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿ, ನಡೆದು ವಾಪಸು ಬಂದಳು. ಗಂಡನಿಗೂ ಕಾರ್ಡಿನ ವಿಷಯ ಬಾಯಿ ಬಿಡಲಿಲ್ಲ.

ವಿಚಾರಣೆಗೆ ಮೊದಲು ಎರಡೂ ಕಡೆಯವರನ್ನು ರಾಜಿಗೆ ಕರೆದರು. ಕೋರ್ಟಿನ ಎರಡನೇ ಮಹಡಿಯ ಉದ್ದನೆಯ ಓಣಿಯಲ್ಲಿ ಒಂದೇ ಬೆಂಚು. ಅದರ ಆ ತುದಿಯಲ್ಲಿ ಟೀಚರ್, ಈ ತುದಿಯಲ್ಲಿ ಕಾಜಕ್ಕ. ಐದು ತಿಂಗಳಿಂದ ಅವರಿಬ್ಬರೂ ಮೆಟ್ಟಿಲ ಬಳಿ ಒಬ್ಬರ ಸದ್ದು ಕೇಳಿದರೆ ಇನ್ನೊಬ್ಬರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಬ್ಬರ ಲಾಯರುಗಳೂ ದೂರದಲ್ಲಿ ನಿಂತು ನಗುತ್ತ ಟೀ ಕುಡಿಯುತ್ತಿದ್ದರು. ಅವರು ಹಾಗೆ ಒಟ್ಟಿಗೆ ನಗಬಹುದು, ತಾವಿಬ್ಬರು ಮಾತಾಡಬಾರದು, ಇದು ಎಂಥ ಲೆಕ್ಕ ಎಂದು ಕಾಜಕ್ಕನಿಗೆ ಅನ್ನಿಸಿತು. ಲೆಕ್ಕದ ಟೀಚರನ್ನೇ ಕೇಳಬೇಕಿತ್ತು.

ಅವಳು ಸರಿದು ಹತ್ತಿರ ಕೂತಳು. ಚೀಲದಿಂದ ಕಾರ್ಡು ತೆಗೆದು ಅವರ ಮುಂದೆ ಹಿಡಿದಳು.

"ನಿಮ್ಮದು ಟೀಚರ್. ನನ್ನ ಹತ್ರಾನೇ ಉಳ್ಕೊಂಡಿತ್ತು."

ಟೀಚರ್ ಅದನ್ನು ನೋಡಿದರು. "ನಿನ್ನ ಲಾಯರಿಗೆ ತೋರಿಸಿದ್ಯಾ?"

"ಇಲ್ಲ."

"ಯಾಕೆ?"

"ಗೊತ್ತಿಲ್ಲ. ನೀವು ನಂದಲ್ಲ ಅಂತ ಯಾಕೆ ಬರೆದ್ರಿ?"

"ನಾನೆಲ್ಲಿ ಬರೆದೆ? ಬರೆದು ತಂದ್ರು, ಸಹಿ ಹಾಕ್ದೆ. ನನ್ನ ದೊರೆ ಕಂಡಕಂಡವರ ಮೇಲೆ ಎರಗುತ್ತೆ ಅಂತ ನೀನು ಬರೆದಿದ್ದನ್ನ ಓದಿ ಹೊಟ್ಟೆ ಉರೀತಿತ್ತು ನಂಗೆ."

"ಅದನ್ನೂ ಬರೆದು ತಂದ್ರು ಟೀಚರ್."

ಟೀಚರ್ ಕಾರ್ಡನ್ನು ತಮ್ಮ ಚೀಲದೊಳಗಿಟ್ಟು ಜಿಪ್ಪು ಎಳೆದರು. ಅಯ್ಯೋ, ಇದ್ದ ಒಂದೇ ಆಧಾರವನ್ನೂ ಕೈಯಾರೆ ಕೊಟ್ಟುಬಿಟ್ಟೆನಲ್ಲ ಎಂದು ಕಾಜಕ್ಕ ಅಂದುಕೊಳ್ಳುವಷ್ಟರಲ್ಲಿ ಒಳಗಿಂದ ಕರೆ ಬಂತು.

ರಾಜಿ ಮಾಡಿಸಲು ಕೂತಿದ್ದವರು ನಿವೃತ್ತ ನ್ಯಾಯಾಧೀಶರು. ಟೀಚರ್ ಕಡೆಯ ಲಾಯರ್ ಬೀದಿನಾಯಿ, ಬಿಸ್ಕತ್ತು, ಒಡೆತನ ಎಂದು ಹತ್ತು ನಿಮಿಷ ವಿವರಿಸಿದ. ನ್ಯಾಯಾಧೀಶರು ಕನ್ನಡಕ ತೆಗೆದು ನೇರವಾಗಿ ಟೀಚರನ್ನೇ ಕೇಳಿದರು, "ಅಮ್ಮಾ, ನಾಯಿ ಯಾರದು?"

ಟೀಚರ್ ಚೀಲ ತೆರೆದು ಹಳದಿ ಕಾರ್ಡು ಮೇಜಿನ ಮೇಲಿಟ್ಟರು. "ನಂದೇ. ಎಂಟು ವರ್ಷದಿಂದ. ಆದ್ರೆ ಅದು ಸುಮ್ಮಸುಮ್ಮನೆ ಕಚ್ಚೋ ಪ್ರಾಣಿ ಅಲ್ಲ. ಇವಳು ಏನೋ ಮಾಡಿರ್ಬೇಕು."

ಎಲ್ಲರೂ ಕಾಜಕ್ಕನ ಕಡೆ ತಿರುಗಿದರು. ಮೇಜಿನ ಕೆಳಗೆ ಲಾಯರಮ್ಮ ಅವಳ ಕಾಲು ತಟ್ಟಿದಳು.

"ಮಾಡಿರಬಹುದು ಸ್ವಾಮಿ," ಎಂದಳು ಕಾಜಕ್ಕ. "ಬಾಲ ತುಳಿದಿರಬಹುದು. ನಂಗೆ ನೆನಪಿಲ್ಲ. ಬೀಗದ ಕೈ ತಗೊಳ್ಳೋಕೆ ಬಗ್ಗಿದೆ, ಅಷ್ಟೇ."

ಇಬ್ಬರು ಲಾಯರುಗಳೂ ತಲೆಯ ಮೇಲೆ ಕೈ ಹೊತ್ತರು. ನ್ಯಾಯಾಧೀಶರು ಮಾತ್ರ ಕನ್ನಡಕ ಮತ್ತೆ ಹಾಕಿಕೊಂಡು, "ಇಷ್ಟು ದಿನದಲ್ಲಿ ಇವತ್ತೇ ನನ್ನ ಕೆಲಸ ಸುಲಭವಾಗಿದ್ದು" ಎಂದರು. ಸಂಜೆಯೊಳಗೆ ಒಪ್ಪಂದವಾಯಿತು. ಆಸ್ಪತ್ರೆಯ ಖರ್ಚು, ಕೆಲಸವಿಲ್ಲದೆ ಕೂತ ತಿಂಗಳುಗಳ ಸಂಬಳ, ಮುಂದೆ ಕೈಗೆ ಮಾಡಿಸಬೇಕಾದ ಚಿಕಿತ್ಸೆಯ ಖರ್ಚು ಟೀಚರ್ ಕೊಡಬೇಕು, ನಾಯಿಯನ್ನು ಕಟ್ಟಿಹಾಕಬೇಕು. ಲಾಯರಮ್ಮ ಕೇಳಿದ್ದಕ್ಕಿಂತ ಕಡಿಮೆ, ಕಾಜಕ್ಕ ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಗಂಡ "ಗೆದ್ವಲ್ಲ" ಎಂದ. ಅವಳು ಹೂಂ ಅಂದಳು. ಗೆದ್ದವರಿಗೆ ಒಳಗೆ ಹೇಗಿರಬೇಕು ಎಂದು ಅವಳಿಗೆ ತಿಳಿದಿರಲಿಲ್ಲ. ಹೀಗಂತೂ ಇರಲಾರದು ಅನ್ನಿಸಿತು.

ಟೀಚರ್ ಹೇಳಿದ ದಿನಕ್ಕೆ ಸರಿಯಾಗಿ ಎಲ್ಲ ಕೊಟ್ಟರು. ಮೆಟ್ಟಿಲ ಬಳಿ ಸಿಕ್ಕರೆ ಈಗ ಬಾಗಿಲು ಹಾಕಿಕೊಳ್ಳುವುದಿಲ್ಲ. "ಕೈ ಹೇಗಿದೆ?" ಎನ್ನುತ್ತಾರೆ. "ಪರವಾಗಿಲ್ಲ" ಎನ್ನುತ್ತಾಳೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಮೊದಲು ಅದರ ಮುಂದೆ ಏನು ಮಾತಾಡುತ್ತಿದ್ದೆವು ಎಂದು ಇಬ್ಬರೂ ಹುಡುಕುವಂತೆ ಒಂದು ಗಳಿಗೆ ನಿಂತು, ತಮ್ಮ ತಮ್ಮ ದಾರಿ ಹಿಡಿಯುತ್ತಾರೆ. ಹಗ್ಗದ ತುದಿಯಲ್ಲಿ ಕೂತ ದೊರೆ ಅವಳನ್ನು ಕಂಡರೆ ಬಾಲ ಬಡಿಯುತ್ತದೆ.

ಚಿಕಿತ್ಸೆಯಿಂದ ಬೆರಳು ಅರ್ಧ ಮರಳಿತು. ಕಾಜಾ ಹೊಲಿಯುವಷ್ಟು ಮರಳಲಿಲ್ಲ. ಚಳಿಗಾಲದಲ್ಲಿ ಯಜಮಾನರು ಮತ್ತೆ ಬಂದರು. ಈ ಸಲ ಒಳಗೆ ಬಂದು ಕೂತರು. ಹಳೆಯ ಗಿರಾಕಿಗಳು ಯಂತ್ರದ ಕಾಜಾ ಒಲ್ಲೆನ್ನುತ್ತಿದ್ದಾರೆ, ನಾನೇ ಕಲಿಯಬೇಕೆಂದಿದ್ದೇನೆ, ಬಂದು ಹೇಳಿಕೊಡು ಎಂದರು. ಅರವತ್ತು ದಾಟಿದ, ಬಾಳೆಕಾಯಿಯಂಥ ಬೆರಳಿನ ಮನುಷ್ಯ.

ಮರುದಿನ ಅವಳು ಕಿಟಕಿಯ ಪಕ್ಕ ಕೂತಳು. ಯಜಮಾನರು ಎದುರಿಗೆ ಸೂಜಿ ಹಿಡಿದು ಕಾದರು.

"ಮೊದಲು ಏನು ಮಾಡ್ಲಿ?"

ಕಾಜಕ್ಕ ಬಾಯಿ ತೆರೆದಳು. ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತೇ ಇರಲಿಲ್ಲ.

"ಮೊದಲು," ಎಂದಳು, ನಿಲ್ಲಿಸಿದಳು, ಗಾಳಿಯಲ್ಲಿ ಬೆರಳಾಡಿಸಿ ನೋಡಿಕೊಂಡಳು. "ತಡೀರಿ. ನೀವು ಒಂದು ಹೊಲಿಗೆ ತಪ್ಪಾಗಿ ಹಾಕಿ. ಯಾಕೆ ತಪ್ಪು ಅಂತ ಆಮೇಲೆ ನೋಡಿ ಹೇಳ್ತೀನಿ."

ಯಜಮಾನರು ನಾಲಗೆ ಕಚ್ಚಿಕೊಂಡು, ಬೇಕಾದಷ್ಟು ತಪ್ಪಾಗಿ, ಮೊದಲ ಹೊಲಿಗೆ ಹಾಕಿದರು.